ಸುದ್ದಿ ಹೊತ್ತವರ ಓದು

2022ರ ಬೇಸಿಗೆಯಲ್ಲಿ ಮೇಲೂರಿಗೆ ಹೋಗಿದ್ದಾಗ ನಮ್ಮಕ್ಕನ ಮಗಳು ಫೋನು ತಂದು ನನ್ನ ಕೈಗಿಟ್ಟಳು. ಸಿಡ್ನಿ ವಿಶ್ವವಿದ್ಯಾಲಯದ ಒಂದು ಸ್ನಾತಕೋತ್ತರ ಪದವಿಯ ವಿವರ ಅದರಲ್ಲಿತ್ತು. ಹೆಸರು ಡಿಜಿಟಲ್ ಕಮ್ಯುನಿಕೇಶನ್ ಅಂಡ್ ಕಲ್ಚರ್. "ಮಾಮ, ಡಿಗ್ರಿ ಆಯ್ತಲ್ಲ, ಇದನ್ನ ಓದ್ಬೇಕು ಅಂತಿದೀನಿ. ಏನು ಓದು ಇದು ಅಂತ ಅಮ್ಮಂಗೆ ಒಂಚೂರು ಹೇಳು" ಅಂದಳು. ಅಕ್ಕ ಚರಕದ ಮನೆಯಿಂದ ಆಗತಾನೆ ಬಂದಿದ್ದಳು. ದಿನವೆಲ್ಲಾ ಬಿಸಿನೀರಿನಲ್ಲಿ ಗೂಡು ಬಿಚ್ಚಿ ಬೆಳ್ಳಗೆ ಸುಕ್ಕುಗಟ್ಟಿದ ಬೆರಳುಗಳು. "ಕಲ್ಚರ್ ಅಂದ್ರೆ ಕುಣಿತಾನಾ? ಅದಕ್ಕೆ ಅಷ್ಟು ದೂರ ಯಾಕ್ ಹೋಗ್ಬೇಕು?" ಅಂತ ಕೇಳಿದಳು. ನಾನು ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು, ಸಂಸ್ಕೃತಿ ಎಂಬ ಪದವನ್ನು ದಿನಕ್ಕೆ ಹತ್ತು ಸಲ ಬಳಸುವವನು. ಆದರೂ ತಡವರಿಸಿದೆ. "ಸುದ್ದಿ ಹೆಂಗೆ ಓಡಾಡ್ತದೆ, ಯಾರು ಕಳಿಸ್ತಾರೆ, ಯಾರಿಗೆ ಮುಟ್ತದೆ, ಅದರಿಂದ ಜನ ಹೆಂಗೆ ಬದಲಾಗ್ತಾರೆ, ಅದನ್ನ ಓದೋದು" ಅಂದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಅದನ್ನ ನಮ್ಮ ತಾತ ಮಾಡ್ತಿದ್ನಲ್ಲ" ಅಂದುಬಿಟ್ಟಳು.

ಈ ಲೇಖನ ಆ ಮಾತಿನಿಂದ ಹುಟ್ಟಿದ್ದು.

ನಮ್ಮ ತಾತ ಊರಿನ ತೋಟಿ. ಕಂದಾಯದ ವಸೂಲಿಗೆ ಯಾವತ್ತು ಬರುತ್ತಾರೆ, ಕೆರೆ ತೂಬು ಯಾವತ್ತು ಎತ್ತುತ್ತಾರೆ, ಜಾತ್ರೆ ಯಾವ ದಿನ ಅಂತ ತಮಟೆ ಬಡಿದು ಸಾರಬೇಕಾದವನು. ಊರಿನ ದೊಡ್ಡ ಕುಳ ಯಾರಾದರೂ ಸತ್ತರೆ ಮಳ್ಳೂರಿಗೋ ವಿಜಯಪುರಕ್ಕೋ ಚಿಂತಾಮಣಿ ಕಡೆಗೋ ನಡೆದು ಹೋಗಿ ಬೀಗರಿಗೆ ಸುದ್ದಿ ಮುಟ್ಟಿಸಬೇಕಾದವನು. ಮುಟ್ಟಿಸುವುದು ಅನ್ನುವ ಮಾತನ್ನು ಗಮನಿಸಿ. ಮನೆ ಹೊರಗೆ ನಿಂತು, ಯಾರನ್ನೂ ಮುಟ್ಟದೆ, ಕೂಗಿ ಮುಟ್ಟಿಸಬೇಕು! 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿಯಿಂದ ಜಾರಿಗೆ ಬಂದು ಕಾಗದದ ಮೇಲೆ ತೋಟಿ ಕೆಲಸ ಹೋಯಿತು. ಸಾವಿನ ಸುದ್ದಿ ಹೊರುವುದು ಮಾತ್ರ ನಾನು ಶಾಲೆಗೆ ಹೋಗುವ ಕಾಲಕ್ಕೂ ನಮ್ಮ ಮನೆ ಬಿಟ್ಟು ಹೋಗಿರಲಿಲ್ಲ.

ಸಂವಹನವನ್ನು ಪಾಠವಾಗಿ ಓದುವವರು ಸಾಮಾನ್ಯವಾಗಿ ಮೊದಲಿಗೇ ಒಂದು ಚಿತ್ರ ನೋಡುತ್ತಾರೆ. ಅಮೆರಿಕದ ಬೆಲ್ ಲ್ಯಾಬಿನಲ್ಲಿದ್ದ ಕ್ಲಾಡ್ ಶಾನನ್ 1948ರಲ್ಲಿ ಬರೆದ ಪ್ರಬಂಧದ್ದು. ಒಂದು ತುದಿಯಲ್ಲಿ ಕಳಿಸುವವನು, ಇನ್ನೊಂದು ತುದಿಯಲ್ಲಿ ಪಡೆಯುವವನು, ನಡುವೆ ವಾಹಕ, ಆ ವಾಹಕಕ್ಕೆ ಅಡ್ಡ ಬರುವ ಗದ್ದಲ. ಸಂದೇಶದ ಅರ್ಥವೇನು ಎಂಬುದು ಇಂಜಿನಿಯರನ ತಲೆನೋವಲ್ಲ ಎಂದು ಶಾನನ್ ನೇರವಾಗಿಯೇ ಹೇಳಿದ್ದ. ಟೆಲಿಫೋನ್ ತಂತಿಗೆ ಅದು ಸರಿ ಇರಬಹುದು. ನಮ್ಮೂರಿನಲ್ಲಿ ವಾಹಕ ಎಂಬುದು ತಂತಿಯಲ್ಲ, ಹಸಿವಿದ್ದ ಒಬ್ಬ ಮನುಷ್ಯ. ಕಳಿಸುವವರಿಗೆ ಹೆಸರಿತ್ತು, ಪಡೆಯುವವರಿಗೆ ಹೆಸರಿತ್ತು, ನಡುವಿನವನಿಗೆ ಇದ್ದದ್ದು ಹುದ್ದೆಯ ಹೆಸರು. ಅವನು ಹೊತ್ತ ಸುದ್ದಿಯಲ್ಲಿ ಅವನದೇ ಸುದ್ದಿ ಒಂದು ದಿನವೂ ಇರಲಿಲ್ಲ. ಅವನ ಮನೆಯಲ್ಲಿ ಸಾವಾದರೆ ಸಾರುವವರು ಯಾರು?

ಹಾಗಾಗಿ ಡಿಜಿಟಲ್ ಸಂಸ್ಕೃತಿಯ ಅಧ್ಯಯನ ನಮ್ಮ ಕಡೆ ಎಲ್ಲಿಂದ ಶುರುವಾಗಬೇಕು ಎಂದರೆ, ಕಂಪ್ಯೂಟರಿನಿಂದ ಅಲ್ಲ, ಇಲ್ಲಿಂದ ಅನ್ನುತ್ತೇನೆ. ನಮ್ಮ ಊರುಗಳಲ್ಲಿ ಸಂವಹನ ಬಹಳ ಕಾಲ ಕೆಲವು ಜಾತಿಗಳ ಬಿಟ್ಟಿ ಚಾಕರಿಯಾಗಿತ್ತು. ಇದನ್ನು ಬಿಟ್ಟು ಬೇರೆ ಎಲ್ಲಿಂದ ಶುರು ಮಾಡಿದರೂ ದಲಿತ ಆ ಪಾಠದೊಳಗೆ ಒಂದೇ ವೇಷದಲ್ಲಿ ಬರುತ್ತಾನೆ: ಫೋನಿಲ್ಲದವನು, ನೆಟ್‌ವರ್ಕ್ ಇಲ್ಲದವನು, ಕಲಿಯಬೇಕಾದವನು. 'ಡಿಜಿಟಲ್ ಕಂದಕ' ಎಂಬ ಮಾತು ಅದನ್ನೇ ಮಾಡುತ್ತದೆ. ತೊಂಬತ್ತರ ದಶಕದ ಅಮೆರಿಕದಲ್ಲಿ ಚಾಲ್ತಿಗೆ ಬಂದ ಈ ಮಾತು ಸುಳ್ಳಲ್ಲ; 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಕಾಲೋನಿಯ ಮಕ್ಕಳು ಒಂದು ಫೋನಿಗೆ ಐದು ತಲೆ ಸೇರಿಸಿ ಕೂತಿದ್ದನ್ನು ನಾನೇ ನೋಡಿದ್ದೇನೆ. ಆದರೆ ಅದೇ ವರ್ಷ ಸರ್ಕಾರ ವಿದ್ಯಾಗಮ ಅಂತ ಮಾಡಿ, ಫೋನಿಲ್ಲದ ಮಕ್ಕಳಿಗೆ ಮೇಷ್ಟ್ರುಗಳೇ ಊರಿಗೆ ಹೋಗಿ ಗುಡಿ ಜಗಲಿ, ಅರಳಿಕಟ್ಟೆ, ಮರದ ನೆರಳಲ್ಲಿ ಪಾಠ ಹೇಳುವ ಏರ್ಪಾಡು ಮಾಡಿತು. ಒಳ್ಳೆಯ ಉದ್ದೇಶವೇ. ಆದರೆ ಆ ಜಗಲಿ ಯಾರದು ಅಂತ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಂದಕ ಫೋನಿನಲ್ಲಿ ಹುಟ್ಟಿದ್ದಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಇನ್ನೊಂದು ಮಾತು 'ಡಿಜಿಟಲ್ ನೇಟಿವ್.' ಮಾರ್ಕ್ ಪ್ರೆನ್ಸ್ಕಿ ಎಂಬ ಅಮೆರಿಕನ್ 2001ರಲ್ಲಿ ಚಲಾವಣೆಗೆ ಬಿಟ್ಟದ್ದು. ಕಂಪ್ಯೂಟರಿನ ಜೊತೆಯಲ್ಲೇ ಹುಟ್ಟಿ ಬೆಳೆದ ಮಕ್ಕಳು ಆ ಲೋಕದ ಮೂಲನಿವಾಸಿಗಳಂತೆ! ಚಳವಳಿಯಲ್ಲಿದ್ದವರಿಗೆ ಮೂಲನಿವಾಸಿ ಎಂಬ ಪದಕ್ಕೆ ಏನೇನು ಭಾರವಿದೆ ಗೊತ್ತು. ನೆಲದ ಮೂಲನಿವಾಸಿಗಳು ಅನ್ನಿಸಿಕೊಂಡವರೇ ಈ ಹೊಸ ಲೋಕಕ್ಕೆ ಪರದೇಶಿಗಳು ಅಂತಾಯಿತು. ನಗುವುದಾದರೆ ನಗಬಹುದು.

ಈ ವಿಷಯದಲ್ಲಿ ದಲಿತ ವಿಮರ್ಶೆಯೂ ಪೂರ್ತಿ ನಿರಪರಾಧಿಯಲ್ಲ. ನಾವು ಸಂವೇದನೆಯ ಬಗ್ಗೆ ಬರೆದೆವು, ಭಾಷೆಯ ಬಗ್ಗೆ ಬರೆದೆವು. 1988ರಲ್ಲಿ ಬಂದ 'ಕುಸುಮಬಾಲೆ'ಯ ಭಾಷೆ ಕುರಿತು ವರ್ಷಗಟ್ಟಲೆ ವಾದ ಮಾಡಿದೆವು. ಆದರೆ ದಸಂಸದ ಹಾಡುಗಳು ಹಟ್ಟಿಯಿಂದ ಹಟ್ಟಿಗೆ ಹೇಗೆ ದಾಟಿದವು, ಕರಪತ್ರಕ್ಕೆ ದುಡ್ಡು ಯಾರು ಕೊಟ್ಟರು, ಗೋಡೆಬರಹಕ್ಕೆ ಬಣ್ಣ ಎಲ್ಲಿಂದ ಬಂತು ಎನ್ನುವುದರ ಬಗ್ಗೆ ಬರೆದದ್ದು ಬಹಳ ಕಡಿಮೆ. ಬರೆದವನನ್ನು ಹುಡುಕಿದೆವು, ಹೊತ್ತವನನ್ನು ಬಿಟ್ಟೆವು. 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ಮಾತು ನೆನಪಿಸಿಕೊಳ್ಳಿ. ಇಡೀ ಭಾಷಣದೊಳಗಿಂದ ಬೂಸಾ ಎಂಬ ಒಂದು ಪದ ಕಿತ್ತುಕೊಂಡು ಊರೂರು ಸುತ್ತಿತು, ದಲಿತ ಹುಡುಗರು ಏಟು ತಿಂದರು, ಮಂತ್ರಿಗಿರಿ ಹೋಯಿತು. ಮಾತನ್ನು ಕತ್ತರಿಸಿ ಕ್ಲಿಪ್ ಮಾಡುವುದು ಫೋನು ಬಂದ ಮೇಲೆ ಕಲಿತ ವಿದ್ಯೆಯಲ್ಲ. ಅದಕ್ಕೂ ಹಿಂದೆ, 1920ರ ಜನವರಿಯಲ್ಲಿ ಅಂಬೇಡ್ಕರ್ 'ಮೂಕನಾಯಕ' ಶುರುಮಾಡಿದಾಗ, ದುಡ್ಡು ಕೊಡುತ್ತೇವೆಂದರೂ 'ಕೇಸರಿ' ಅದರ ಜಾಹೀರಾತು ಹಾಕಲಿಲ್ಲ. ಇವೆಲ್ಲ ನಮ್ಮ ಸಂವಹನ ಶಾಸ್ತ್ರದ ಅಧ್ಯಾಯಗಳೇ. ನಾವು ಅವನ್ನು ಬರೀ ಅವಮಾನದ ಲೆಕ್ಕಕ್ಕೆ ಬರೆದಿಟ್ಟುಕೊಂಡಿದ್ದೇವೆ.

ನನ್ನದೇ ಒಂದು ಸಂಗತಿ ಹೇಳಬೇಕು. ಎಂ.ಫಿಲ್.ಗೆ ತಮಟೆಯನ್ನು ಸುದ್ದಿ ಮಾಧ್ಯಮವಾಗಿ ಓದುತ್ತೇನೆ ಅಂತ ಅರ್ಜಿ ಹಿಡಿದು ಹೋಗಿದ್ದೆ. ಎಲ್ಲಿ, ಯಾರು ಅನ್ನುವುದು ಬೇಡ. ಹಿರಿಯರೊಬ್ಬರು ಅದನ್ನು ನೋಡಿ, "ಇದು ಮಾಧ್ಯಮ ಅಲ್ಲಪ್ಪ, ಜನಪದ ವಾದ್ಯ. ಜಾನಪದ ವಿಭಾಗಕ್ಕೆ ಹೋಗು" ಅಂದರು. ಜಾನಪದದವರು ಕುಣಿತದ ಹೆಜ್ಜೆ ಎಷ್ಟು, ತಾಳ ಯಾವುದು ಅಂತ ಕೇಳಿದರು. ತಮಟೆ ಬಡಿದವನು ಏನು ಸಾರುತ್ತಿದ್ದ ಅಂತ ಎರಡು ಕಡೆಯೂ ಯಾರೂ ಕೇಳಲಿಲ್ಲ. ನಾನು ಹಳಗನ್ನಡಕ್ಕೆ ಹೋದೆ, ಬಿಡಿ.

ತಮಟೆಯ ಕಥೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಊರಿನ ಸಾವಿಗೆ, ಜಾತ್ರೆಗೆ ತಮಟೆ ಬಡಿಯುವುದಿಲ್ಲ ಎಂದು ಹಟ್ಟಿಯ ಹುಡುಗರು ನಿಂತದ್ದೂ ಚಳವಳಿಯೇ. ಅದೇ ತಮಟೆಯನ್ನು ಮೆರವಣಿಗೆಯ ಮುಂದಕ್ಕೆ ತಂದದ್ದೂ ಚಳವಳಿಯೇ. ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂತು. ಸಂತೋಷದ ವಿಷಯ, ಅವತ್ತು ನಮ್ಮ ಕಡೆಯ ಫೋನುಗಳೆಲ್ಲ ತಮಟೆಯಾಗಿದ್ದವು. ಆದರೆ ಫೋನಿನ ತಮಟೆಗೆ ಚರ್ಮದ ವಾಸನೆ ಇಲ್ಲ, ಬೆಂಕಿಗೆ ಹಿಡಿದು ಕಾಯಿಸುವ ಕೆಲಸವಿಲ್ಲ. ಹಾಗಾಗಿಯೇ ಅದು ಯಾರ ಮನೆಯೊಳಗೆ ಬೇಕಾದರೂ ಹೋಗಬಲ್ಲದು. ಬಡಿಯುವವನು ಹೋಗಬಲ್ಲನೇ ಎನ್ನುವುದು ಬೇರೆ ಪ್ರಶ್ನೆ.

ಇನ್ನು ಹುಡುಕಾಟದ ಮಾತು. 2000ನೇ ಇಸವಿ ಮಾರ್ಚ್ 11ರಂದು, ಆಗಿನ್ನೂ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಕ್ಕನ ಮಗಳು ಆ ಸುದ್ದಿಯನ್ನು ಫೋನಿನಲ್ಲಿ ಹುಡುಕಿದಳು. ಇಂಗ್ಲಿಷಿನಲ್ಲಿ ಹುಡುಕಿದರೆ ಇಂಗ್ಲಿಷ್ ಪತ್ರಿಕೆಗಳ ವರದಿ ಸಿಕ್ಕವು. ಕನ್ನಡದಲ್ಲಿ ಹುಡುಕಿದರೆ ಆ ದಿನಗಳ ಬರಹ ಅವಳಿಗೆ ಸಿಗಲಿಲ್ಲ. ಕಾರಣ ಸರಳ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಪತ್ರಿಕೆಗಳು, ಕರಪತ್ರಗಳು ಆಮೇಲೂ ಎಷ್ಟೋ ವರ್ಷ ಡಿಟಿಪಿಯ ಬೇರೆ ಬೇರೆ ಫಾಂಟುಗಳಲ್ಲೇ ಸಿದ್ಧವಾದವು. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಅವು ಕನ್ನಡವೇ ಅಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಅದಕ್ಕೂ ಹಿಂದಿನ 'ಪಂಚಮ'ದಂಥವು ಅಚ್ಚುಮೊಳೆಯ ಕಾಲದವು, ಯಾರ ಯಾರ ಅಟ್ಟದ ಮೇಲೋ ಗೆದ್ದಲಿನ ಜೊತೆ ಇವೆ. ಹೀಗೆ ಕೋಲಾರದ ನೆಲದ ಮೇಲೆ ನಡೆದದ್ದಕ್ಕೆ ಕೋಲಾರದ ಭಾಷೆಯ ಸಾಕ್ಷಿ ತೆರೆಯ ಮೇಲೆ ಇಲ್ಲ. ಕೋರ್ಟಿನಲ್ಲಿ ಸಾಕ್ಷಿ ತಿರುಗಿಬಿತ್ತು, ಇಲ್ಲಿ ಅಕ್ಷರವೇ ತಿರುಗಿಬಿತ್ತು.

ಇದನ್ನು ಓದುವುದಕ್ಕೆಂದೇ ಅವಳು ಸಿಡ್ನಿಗೆ ಹೋಗಬೇಕೆಂದದ್ದು. "ಇಲ್ಲಿ ಯಾಕಾಗಲ್ಲ?" ಅಂತ ನಾನೇ ಕೇಳಿದೆ. ಬೆಂಗಳೂರಿನ ಟ್ರಿಪಲ್ ಐಟಿಯಲ್ಲಿ ಡಿಜಿಟಲ್ ಸೊಸೈಟಿ ಎಂಬ ಎಂ.ಎಸ್ಸಿ. ಶುರುವಾಗಿತ್ತು, ಅದರ ಫೀಸು ಕೇಳಿಯೇ ಅಕ್ಕ ಒಳಗೆ ಎದ್ದು ಹೋದಳು. ಉಳಿದದ್ದು ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್. ಐವತ್ತರ ದಶಕದಿಂದ ಇರುವ ಯೋಜನೆ. ಆ ವರ್ಷ ಇಡೀ ದೇಶಕ್ಕೆ 125 ಸೀಟು, ಕುಟುಂಬದ ಆದಾಯ 8 ಲಕ್ಷ ದಾಟಬಾರದು. ನಮಗೆ ದಾಟುವ ಭಯವಿರಲಿಲ್ಲ. ಆದರೆ 2022ರ ಫೆಬ್ರವರಿಯಲ್ಲಿ ಹೊಸ ಷರತ್ತೊಂದು ಸೇರಿಕೊಂಡಿತ್ತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನ ಇವಕ್ಕೆ ಈ ಹಣ ಸಿಗುವುದಿಲ್ಲ. ಅವನ್ನು ಓದಲು ದೇಶದಲ್ಲೇ ಅನುಕೂಲವಿದೆ ಎಂಬುದು ಸರ್ಕಾರ ಕೊಟ್ಟ ಕಾರಣ.

ಈ ಷರತ್ತನ್ನು ಹಿಡಿದುಕೊಂಡು ಸ್ವಲ್ಪ ಹಿಂದಕ್ಕೆ ಹೋಗೋಣ. 1913ರಲ್ಲಿ ಬರೋಡಾ ಸಂಸ್ಥಾನದ ದುಡ್ಡಿನಲ್ಲಿ ಒಬ್ಬ ಯುವಕ ಕೊಲಂಬಿಯಾಕ್ಕೆ ಹೋದ. 1915ರಲ್ಲಿ ಅವನ ಎಂ.ಎ. ಪ್ರಬಂಧ ಪ್ರಾಚೀನ ಭಾರತದ ವಾಣಿಜ್ಯದ ಮೇಲೆ. 1916ರ ಮೇ 9ರಂದು ಮಾನವಶಾಸ್ತ್ರದ ಸೆಮಿನಾರಿನಲ್ಲಿ ಓದಿದ ಪ್ರಬಂಧ ಭಾರತದ ಜಾತಿಗಳ ಮೇಲೆ. ರಾಜರೊಬ್ಬರು ಹಾಕದ ಷರತ್ತನ್ನು ಆ ಯುವಕ ಕರಡು ಸಮಿತಿಯ ಅಧ್ಯಕ್ಷನಾಗಿ ಸಿದ್ಧಪಡಿಸಿದ ಸಂವಿಧಾನದ ಕೆಳಗಿನ ಸರ್ಕಾರ ಹಾಕಿತು. ದಲಿತ ವಿದ್ಯಾರ್ಥಿ ಹೊರಗೆ ಹೋಗಿ ಏನು ಬೇಕಾದರೂ ಓದಲಿ, ತನ್ನ ಕೇರಿಯನ್ನು ಮಾತ್ರ ಓದಬಾರದು. ಸುದ್ದಿ ಹೊರಬಹುದು, ಅವನದೇ ಸುದ್ದಿ ಆಗಿರಬಾರದು. ತಾತನಿಗೆ ಇದ್ದ ಕಟ್ಟಳೆಯೇ, ಬರೆದಿಟ್ಟದ್ದು ಇಂಗ್ಲಿಷಿನಲ್ಲಿ ಅಷ್ಟೆ.

ಗೆಳೆಯರೊಬ್ಬರು ಉಪಾಯ ಹೇಳಿದರು. "ವಿಷಯದಲ್ಲಿ ಇಂಡಿಯಾ ಅನ್ನೋ ಪದ ಹಾಕ್ಬೇಡ. ಬರೀ ಟೆಕ್ನಾಲಜಿ ಅಂತ ಬರಿ, ಅಲ್ಲಿಗೆ ಹೋದ್ಮೇಲೆ ನಿನಗೆ ಬೇಕಾದ್ದು ಮಾಡು." ತಪ್ಪೇನಿಲ್ಲ, ಎಷ್ಟೋ ಮಂದಿ ಹಾಗೆಯೇ ದಾಟಿರಬಹುದು. ಇವಳು ಒಪ್ಪಲಿಲ್ಲ. ಅದು ಹಟವೋ ದಡ್ಡತನವೋ ಅಂತ ನಮ್ಮಲ್ಲಿ ಈಗಲೂ ಜಗಳವಿದೆ. ನನ್ನ ಮಟ್ಟಿಗೆ, ಬರೆದು ಕಳಿಸಬೇಕಿತ್ತು.

ಅವಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು. ಜನ ಕನ್ನಡದಲ್ಲಿ, ತೆಲುಗಿನಲ್ಲಿ ಹಾಕುವ ಮಾತು, ಚಿತ್ರ, ವಿಡಿಯೋಗಳಲ್ಲಿ ಯಾವುದು ಉಳಿಯಬೇಕು, ಯಾವುದನ್ನು ಅಳಿಸಬೇಕು ಅಂತ ರಾತ್ರಿಯೆಲ್ಲ ನೋಡುತ್ತಾ ಕೂರುವ ಕೆಲಸ. ಕಂಟೆಂಟ್ ಮಾಡರೇಶನ್ ಅನ್ನುತ್ತಾರೆ. ಕಂಪನಿಯ ಹೆಸರು ಹೊರಗೆ ಹೇಳಬಾರದು ಅಂತ ಸಹಿ ಮಾಡಿಸಿಕೊಂಡಿದ್ದಾರೆ, ನನಗೂ ಹೇಳಿಲ್ಲ. ಕೊಲೆ, ಆತ್ಮಹತ್ಯೆ, ಮಕ್ಕಳ ಮೇಲಿನ ಹಿಂಸೆ, ಎಲ್ಲ ಅವಳ ಕಣ್ಣ ಮುಂದೆ ಹಾದು ಹೋಗಬೇಕು. ಬೇರೆಯವರ ಕಣ್ಣಿಗೆ ಬೀಳಬಾರದು ಅಂತ. ಊರಿನ ಹೊಲಸು ಯಾರು ಎತ್ತುತ್ತಿದ್ದರು ಎನ್ನುವುದನ್ನು ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಜಾತಿ ಹಿಡಿದು ಬೈದರೆ ಅಳಿಸಬೇಕು ಅಂತ ನಿಯಮವೇನೋ ಇದೆಯಂತೆ. "ಆದ್ರೆ ಮಾಮ, ಜಾತಿ ಹೆಸರು ಹಿಡ್ದು ಯಾರು ಬೈತಾರೆ ಈಗ? ಕೋಟಾದೋರು ಅಂತಾರೆ, ಫ್ರೀ ರೇಷನ್ನಿನೋರು ಅಂತಾರೆ, ಬರೀ ನೀಲಿ ಬಣ್ಣ ಹಾಕಿ ನಗ್ತಾರೆ. ನಾನು ಬೈಗುಳ ಅಂತ ಗುರುತು ಹಾಕಿದ್ರೆ ಮೇಲಿನೋರು ವಾಪಸ್ ಕಳಿಸ್ತಾರೆ, ಇದ್ರಲ್ಲಿ ಏನೂ ಇಲ್ಲ ಅಂತ." ಅರ್ಥ ಇಂಜಿನಿಯರನ ತಲೆನೋವಲ್ಲ ಎಂದಿದ್ದನಲ್ಲ ಶಾನನ್, ಅದರ ಬಿಲ್ಲು ಈಗ ಇವಳ ಮೇಜಿಗೆ ಬರುತ್ತಿದೆ. ಬೈಗುಳದ ಒಳಗಿನ ಬೈಗುಳವನ್ನು ಕೇಳಿಸಿಕೊಳ್ಳಬಲ್ಲ ಕಿವಿ ಅವಳಿಗಿದೆ, ತೀರ್ಪು ಹೇಳುವ ಹಕ್ಕಿಲ್ಲ. ಯಾವ ಸಿಲಬಸ್ಸಿನಲ್ಲಾದರೂ ಇವಳು ವಿದ್ಯಾರ್ಥಿಯಾಗಿ ಕೂರುವುದಕ್ಕಿಂತ ಮೊದಲು ಮೇಷ್ಟ್ರಾಗಿ ನಿಲ್ಲಬೇಕಾದವಳು ಎಂದು ನನಗನ್ನಿಸುತ್ತದೆ.

ರಜೆ ಸಿಕ್ಕಾಗ ಅವಳು ಮೇಲೂರಿಗೆ ಬರುತ್ತಾಳೆ. ಸುತ್ತಲ ಹಳ್ಳಿಗಳಲ್ಲಿ ತೋಟಿ ಕೆಲಸ ಮಾಡಿದವರು, ಅವರ ಹೆಂಡಂದಿರು ಇನ್ನೂ ಕೆಲವರು ಉಳಿದಿದ್ದಾರೆ. ಅವರ ಮಾತನ್ನು ಫೋನಿನಲ್ಲಿ ಹಿಡಿದಿಡುತ್ತಿದ್ದಾಳೆ. ಯಾವ ಸುದ್ದಿಗೆ ಯಾವ ಬಡಿತ, ಎಷ್ಟು ದೂರಕ್ಕೆ ಎಷ್ಟು ರಾಗಿ, ಮಳೆ ಬಂದರೆ ಎಲ್ಲಿ ನಿಲ್ಲಬೇಕಿತ್ತು, ಸುದ್ದಿ ತಡವಾದರೆ ಏನು ಶಿಕ್ಷೆ. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಒಬ್ಬ ಮುದುಕ ಒಂದೂವರೆ ಗಂಟೆ ಮಾತಾಡಿ, ಕೊನೆಗೆ, "ಇದನ್ನೆಲ್ಲ ಯಾರಿಗೆ ಮುಟ್ಟಿಸ್ಬೇಕು ತಾಯಿ?" ಅಂತ ಕೇಳಿದನಂತೆ. ಬರುವ ವರ್ಷ ಇಲ್ಲೇ ರಾಜ್ಯದ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಎಂ.ಎ.ಗೆ ಅರ್ಜಿ ಹಾಕುತ್ತೇನೆ ಅನ್ನುತ್ತಾಳೆ. ಪತ್ರಿಕೋದ್ಯಮಕ್ಕೋ, ಜಾನಪದಕ್ಕೋ, ಸಮಾಜಶಾಸ್ತ್ರಕ್ಕೋ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ.