ಮುಳುಗಿತೋ, ಮಡಚಿಕೊಂಡಿತೋ? ಚಿತ್ರದುರ್ಗ ಶಿಲಾಪಟ್ಟಿಯ ಎರಡು ವಿವರಣೆಗಳು

ಚಿತ್ರದುರ್ಗದ ಬಳಿಯ ಮರಡಿಹಳ್ಳಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಇದು ನೀರಿನಡಿ ಹೆಪ್ಪುಗಟ್ಟಿದ ದಿಂಬುಲಾವಾ. ಇದರ ವಯಸ್ಸು 250 ಕೋಟಿ ವರ್ಷ. ಮೊದಲನೆಯದು ಸರಿ. ಎರಡನೆಯದನ್ನು ಕೈಬಿಡುವುದು ಒಳ್ಳೆಯದು. ಈ ಪಟ್ಟಿಯ ಪದರಶಿಲೆಗಳೊಳಕ್ಕೆ ನುಗ್ಗಿರುವ ಚಿತ್ರದುರ್ಗ ಗ್ರಾನೈಟ್‌ನ ವಯಸ್ಸೇ ಸುಮಾರು 260 ಕೋಟಿ ವರ್ಷ. ನುಗ್ಗಿದ್ದಕ್ಕಿಂತ ನುಗ್ಗಿಸಿಕೊಂಡದ್ದು ಹಳೆಯದಾಗಿರಲೇಬೇಕಲ್ಲವೆ? ಇಂಗಳದಾಳು ಲಾವಾಗಳ ಸಮೇರಿಯಂ-ನಿಯೊಡೈಮಿಯಂ ಅಳತೆ ಸುಮಾರು 274 ಕೋಟಿ ವರ್ಷ ಎನ್ನುತ್ತದೆ.

ಹಿಂದು-ಮುಂದಿನ ಈ ಜಗಳ ಹೊಸದಲ್ಲ. 1888ರಲ್ಲಿ ಧಾರವಾಡ ಶಿಲಾವ್ಯೂಹವನ್ನು ವಿವರಿಸಿದ ಬ್ರೂಸ್ ಫೂಟ್, ಅದು ನೈಸ್ ಶಿಲೆಯ ಮೇಲೆ ಕೂತಿದೆ ಎಂದರು. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್, ನೈಸ್ ಶಿಲೆಯೇ ಅದರೊಳಕ್ಕೆ ನುಗ್ಗಿತು ಎಂದರು. ಇಬ್ಬರೂ ಅರ್ಧ ಸರಿ. ನೈಸ್‌ಗೆ ಮೊದಲಿನ ಸರಗೂರು ಶಿಲೆಗಳೂ ಇವೆ, ಅನಂತರದ ಧಾರವಾಡ ಶಿಲೆಗಳೂ ಇವೆ. ತಾಳ್ಯದ ಪಿಂಡಶಿಲೆಯಲ್ಲಿ ಹುದುಗಿರುವ ಗ್ರಾನೈಟ್ ಉಂಡೆಗಳು ಎರಡನೆಯದಕ್ಕೆ ಸಾಕ್ಷಿ.

ಇಂದಿನ ವಾದ ರಚನೆಯದು. 400 ಕಿ.ಮೀ.ಗೂ ಉದ್ದದ ಈ ಪಟ್ಟಿಯ ಪದರಗಳು ನೆಟ್ಟಗೆ ನಿಂತದ್ದು ಹೇಗೆ? ಚಾಡ್ವಿಕ್, ವಾಸುದೇವ್ ಮತ್ತು ಹೆಗ್ಡೆ 2000ದಲ್ಲಿ ಓರೆಯಾದ ಫಲಕ ಸಂಗಮವನ್ನು ಮುಂದಿಟ್ಟರು. ಶಾರ್ಡೊನ್, ಶುಕ್ರೂನ್ ಮತ್ತು ಜಯಾನಂದ 1996ರಲ್ಲಿ ಬೇರೆ ದಾರಿ ಹಿಡಿದಿದ್ದರು: ಭಾರವಾದ ಲಾವಾ ರಾಶಿ ಹಗುರವಾದ ಬಿಸಿ ತಳದೊಳಕ್ಕೆ ಕುಸಿಯಿತು, ತಳದ ಶಿಲೆ ಗುಮ್ಮಟಗಳಾಗಿ ಮೇಲೆದ್ದಿತು.

ಭೌತವಿಜ್ಞಾನದ ಮೇಷ್ಟ್ರಾದ ನನಗೆ ಎರಡನೆಯದು ಸಹಜವಾಗಿಯೇ ಪ್ರಿಯ. ನೀರಿನ ಮೇಲೆ ತೈಲ ಇರಬೇಕಾದಲ್ಲಿ ತೈಲದ ಮೇಲೆ ನೀರನ್ನಿಟ್ಟಂತೆ! ಆದರೆ ಪ್ರೀತಿ ಸಾಲದು, ಲೆಕ್ಕ ಬೇಕು. ತಲಾ 10 ಕಿ.ಮೀ. ದಪ್ಪದ ಎರಡು ಪದರಗಳು, ಸಾಂದ್ರತೆಯ ವ್ಯತ್ಯಾಸ ಘನ ಮೀಟರಿಗೆ 300 ಕಿ.ಗ್ರಾಂ., ಸ್ನಿಗ್ಧತೆ 10ರ 20ನೇ ಘಾತ ಪ್ಯಾಸ್ಕಲ್-ಸೆಕೆಂಡ್ ಎಂದಿಟ್ಟುಕೊಳ್ಳಿ. ಸಂಧಿಯಲ್ಲಿನ ಸಣ್ಣ ಉಬ್ಬು 2.7 ಪಟ್ಟು ಬೆಳೆಯಲು ಸುಮಾರು 14 ಲಕ್ಷ ವರ್ಷ ಸಾಕು. ತಳ ತಣ್ಣಗಿದ್ದು ಸ್ನಿಗ್ಧತೆ ನೂರುಪಟ್ಟಾದರೆ 14 ಕೋಟಿ ವರ್ಷ ಬೇಕು. ಲಾವಾಕ್ಕೂ ಗ್ರಾನೈಟ್‌ಗೂ ಇರುವ ಅಂತರವೇ ಅಷ್ಟು! ಆದ್ದರಿಂದ ಕುಸಿತದ ವಾದ ನಿಂತಿರುವುದು ಸಾಂದ್ರತೆಯ ಮೇಲಲ್ಲ, ತಾಪದ ಮೇಲೆ. ಪಾಠಗಳಲ್ಲಿ ಬರೆಯುವ ಚಿತ್ರಗಳು ಸಾಂದ್ರತೆಯನ್ನು ಗುರುತಿಸಿ ತಾಪವನ್ನು ಬಿಟ್ಟುಬಿಡುತ್ತವೆ. ಇದು ಸಣ್ಣ ಲೋಪವಲ್ಲ.

ಫಲಕವಾದಿಗಳ ಕಡೆಯಲ್ಲೂ ಆತುರವಿದೆ. ಮಡಿಕೆ ಕಂಡಲ್ಲೆಲ್ಲ ಡಿಕ್ಕಿ ಎನ್ನುವಂತಿಲ್ಲ; ಕುಸಿತವೂ ಮಡಿಕೆಗಳನ್ನು ಹುಟ್ಟಿಸುತ್ತದೆ. ಗಮನಿಸಬೇಕಾದ್ದು ಬಂಡೆಯ ಮೇಲಿನ ಹಿಗ್ಗುಗೆರೆಗಳನ್ನು. ಕುಸಿತವಾಗಿದ್ದರೆ ಅವು ಗುಮ್ಮಟಗಳ ನಡುವಿನ ತಗ್ಗಿನಲ್ಲಿ ಕಡಿದಾಗಿ ಕೆಳಮುಖವಾಗಿರಬೇಕು. ಓರೆ ಒತ್ತಡವಾಗಿದ್ದರೆ ಪಟ್ಟಿಯುದ್ದಕ್ಕೂ ಅಡ್ಡಜಾರಿನ ಗುರುತು ಸಿಗಬೇಕು. ಹೊಳೆನರಸೀಪುರದ ಸುತ್ತಲಿನ ಗುಮ್ಮಟ-ತಗ್ಗುಗಳ ವಿನ್ಯಾಸಕ್ಕೆ ಮೊದಲನೆಯದು ಹೆಚ್ಚು ಒಪ್ಪುತ್ತದೆ. ಚಿತ್ರದುರ್ಗ ಪಟ್ಟಿಯ ಪೂರ್ವದಂಚಿನ ಕತ್ತರಿಕೆ ವಲಯಕ್ಕೆ ಎರಡನೆಯದು. ಒಂದೇ ಭೂಖಂಡದಲ್ಲಿ ಎರಡೂ ನಡೆದಿರಬಹುದು. ಹಾಗಿದ್ದರೆ ಯಾವುದು ಮೊದಲು ಎಂಬುದೇ ಪ್ರಶ್ನೆ.

ಮುಂದಿನ ಸಲ ಮರಡಿಹಳ್ಳಿಗೆ ಹೋದಾಗ ವಯಸ್ಸನ್ನು ಬರೆಸುವ ಮೊದಲು ದಿಂಬುಗಳನ್ನೇ ಓದಿಸಿ. ಉಬ್ಬಿದ ಕಡೆ ಮೇಲು, ಕೆಳಗಿನ ದಿಂಬುಗಳ ಸಂದಿಗೆ ಇಳಿದ ಚೂಪು ಬಾಲದ ಕಡೆ ಕೆಳಗು. ಪದರ ಇಂದು ಯಾವ ಕಡೆಗೆ ಮಗುಚಿದೆಯೆಂದು ತಿಳಿಯಲು ಸುತ್ತಿಗೆ ಬೇಕಿಲ್ಲ.