ಇನ್ನರ್ಧ ಪಾಠ

‘ಪುಟ್ಟಿ’ ಎಂಬ ಸಾಫ್ಟ್‌ವೇರ್ ಬರೆದ ಸೈಮನ್ ಟಾಥಮ್ 1999ರಲ್ಲಿ ಒಂದು ಪ್ರಬಂಧ ಬರೆದರು: ‘ಹೌ ಟು ರಿಪೋರ್ಟ್ ಬಗ್ಸ್ ಎಫೆಕ್ಟಿವ್ಲಿ’. ಸಾಫ್ಟ್‌ವೇರಿನಲ್ಲಿ ದೋಷ ಕಂಡರೆ ಅದನ್ನು ಬರೆದವರಿಗೆ ಹೇಗೆ ತಿಳಿಸಬೇಕು ಅನ್ನೋದು ವಿಷಯ. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಇಷ್ಟನ್ನೂ ಬಿಡದೆ ಹೇಳಿ. ಬರೀ ನಿಮ್ಮ ಊಹೆ ಹೇಳಬೇಡಿ ಅಂತಾರೆ. ಒಳ್ಳೆಯ ಮಾತೇ. ಆದರೆ ಅರ್ಧ ಪಾಠ ಅನ್ನೋದು ನನ್ನ ಆಕ್ಷೇಪ.

ನಮ್ಮ ವಾಚನಾಲಯದ ಪುಸ್ತಕಪಟ್ಟಿಗೆ ನಾನೊಂದು ಸಣ್ಣ ಪ್ರೋಗ್ರಾಂ ಬರೆದೆ. ಪಟ್ಟಿಯನ್ನು ಜೋಡಿಸಿ ಅಚ್ಚಿಗೆ ಕೊಡೋ ಭಾಗವನ್ನು ಒಂದು ಕಂಪನಿಯಿಂದ ದುಡ್ಡು ಕೊಟ್ಟು ತಗೊಂಡದ್ದು. ಪರದೆಯ ಮೇಲೆ ‘ರ‍್ಯಾಕ್’ ಅಂತ ಇದ್ದದ್ದು ಕಾಗದದಲ್ಲಿ ‘ರ್ಯಾಕ್’ ಆಗ್ತಿತ್ತು. ಯೂನಿಕೋಡಿನಲ್ಲಿ ರ, ವಿರಾಮ, ಯ ಸೇರಿದರೆ ಅರ್ಕಾವತ್ತು ಬರುತ್ತೆ. ‘ಕಾರ್ಯ’ಕ್ಕೆ ಅದೇ ಬೇಕು. ರ ಹಾಗೇ ನಿಂತು ಯ ಒತ್ತಾಗಬೇಕಾದರೆ ರಕಾರದ ಬೆನ್ನಿಗೆ ಝೀರೋ ವಿಡ್ತ್ ಜಾಯಿನರ್ ಎಂಬ ಕಣ್ಣಿಗೆ ಕಾಣದ ಸಂಕೇತ ಇರಬೇಕು. ಆ ಭಾಗ ಅದನ್ನು ಕಸ ಅಂತ ಗುಡಿಸಿಬಿಡ್ತಿತ್ತು.

ಟಾಥಮ್ ಹೇಳಿದ ಹಾಗೇ ಬರೆದೆ: ಮೂರು ಸಾಲಿನ ಕೋಡು, ಒಳಗೆ ಹೋದ ಸಂಕೇತಗಳು, ಹೊರಗೆ ಬಂದವು. ಉತ್ತರ: ಫಾಂಟ್ ಬದಲಿಸಿ. ಬದಲಿಸಿದೆ ಅಂದರೆ, ಮತ್ತೆ ಇನ್‌ಸ್ಟಾಲ್ ಮಾಡಿ. ಅದೂ ಆಯ್ತು ಅಂದರೆ, ದೂರು ಮುಗಿದಿದೆ ಅಂತ ಮೇಲ್. ಸಂಕೇತವೇ ಮಾಯವಾದ ಮೇಲೆ ಫಾಂಟ್ ಏನು ಮಾಡೀತು?

ನಮ್ಮ ಪಲ್ಲಡಂನಲ್ಲಿ ಪವರ್‌ಲೂಮ್ ಕೆಟ್ಟರೆ ಫಿಟ್ಟರ್ ಬಂದು ಮೊದಲು ಓಡಿಸಿ ನೋಡ್ತಾನೆ. ಕಡೀತಿರೋದು ಹಾಸಿನ ನೂಲೋ ಹೊಕ್ಕಿನದೋ ಅಂತ ಕಣ್ಣಾರೆ ಕಾಣದೆ ಸ್ಪ್ಯಾನರ್ ಹಿಡಿಯಲ್ಲ. ನನ್ನ ಮೂರು ಸಾಲನ್ನು ಅಲ್ಲಿ ಯಾರೂ ಓಡಿಸಿ ನೋಡಿದಂತಿಲ್ಲ.

ಉತ್ತರ ಬರೆದವರ ಮೇಲೆ ಸಿಟ್ಟಿಲ್ಲ. ಕೋಡು ಬರೆದವರನ್ನು ಕೇಳೋ ದಾರಿ ಅವರಿಗೂ ಇಲ್ಲದೆ, ದಿನಕ್ಕೆ ಎಷ್ಟು ದೂರು ಮುಗೀತು ಅನ್ನೋದೇ ಲೆಕ್ಕವಾದರೆ, ಮುಗಿಸೋದೇ ಕೆಲಸವಾಗುತ್ತೆ. ಟಾಥಮ್ ಪುಟ್ಟಿಯನ್ನು ಪುಕ್ಕಟೆ ಕೊಡ್ತಾರೆ. ಅವರ ಹೊತ್ತು ಉಳಿಸೋದು ನಮ್ಮ ಹೊಣೆ. ದುಡ್ಡು ತಗೊಂಡ ಕಂಪನಿಗೆ ಅದೇ ಮಾಫಿ ಸಲ್ಲದು.

ಆದ್ದರಿಂದ ಇನ್ನರ್ಧ ಪಾಠ ಉತ್ತರಿಸುವವರಿಗೆ: ಓಡಿಸಿ ನೋಡಿದಿರಾ, ಏನು ಕಂಡಿತು, ಮುಂದೆ ಯಾರ ಕೈಗೆ ಕೊಟ್ಟಿರಿ, ಇಷ್ಟು ಹೇಳಿ. ‘ಗೊತ್ತಿಲ್ಲ’ ಅಂದರೂ ಸರಿ, ಕೇಳಿದವನು ಬೇರೆ ದಾರಿ ಹುಡುಕ್ತಾನೆ.

ಒಂದು ಒತ್ತಿಗೆ ಇಷ್ಟು ರಗಳೆಯೇ ಅನ್ನಬಹುದು. ನಮ್ಮ ಮಕ್ಕಳಿಗೆ ಮನೇಲಿ ಕನ್ನಡ, ಇಸ್ಕೂಲಲ್ಲಿ ತಮಿಳು. ಅವರು ಕನ್ನಡ ಅಕ್ಷರ ನೋಡೋದೇ ಇಂಥ ಕಾಗದದಲ್ಲಿ. ಅಚ್ಚಾದದ್ದೇ ಸರಿ ಅಂತ ಕಲೀತಾರೆ. ಸದ್ಯಕ್ಕೆ ಪಟ್ಟಿಯಲ್ಲಿ ‘ಕಪಾಟು’ ಅಂತ ಹಾಕಿದ್ದೇವೆ.