ಆರು ಸಾಲಿನ ಋಣಪತ್ರ: ವೀರಗಲ್ಲಿನ ಒಕ್ಕಣೆಗೊಂದು ವ್ಯಾಖ್ಯಾನ

ಕೆರೆ ಏರಿಯ ಮೇಲೆ, ಹಳೆಯ ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ಅರ್ಧ ಮಣ್ಣಲ್ಲಿ ಹೂತು ನಿಂತ ಕೆತ್ತನೆಯ ಕಲ್ಲುಗಳನ್ನು ನೀವು ನೋಡಿಯೇ ಇರುತ್ತೀರಿ. ಅವುಗಳಲ್ಲಿ ಹೆಚ್ಚಿನವು ವೀರಗಲ್ಲುಗಳು, ಸತ್ತವನ ನೆನಪಿಗೆ ನೆಟ್ಟವು. ಚಿತ್ರ ಸಾಮಾನ್ಯವಾಗಿ ಮೂರು ಅಂತಸ್ತು, ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಅಕ್ಷರ. ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಇಲ್ಲಿ ಕೊಟ್ಟಿರುವ ಆರು ಸಾಲು ಯಾವುದೋ ಒಂದು ಕಲ್ಲಿನವಲ್ಲ. ಹಲವು ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಒಕ್ಕಣೆಯನ್ನು ಇಂದಿನ ಕನ್ನಡದಲ್ಲಿ ನಾನೇ ಜೋಡಿಸಿಕೊಂಡಿದ್ದೇನೆ.

1. ಶುಭವಾಗಲಿ. ಇಂಥ ಅರಸನು ನಾಡಾಳುತ್ತಿರಲು,

ಶಾಸನಗಳಲ್ಲಿ ಇದು ‘ಸ್ವಸ್ತಿ’ ಎಂದು ಶುರುವಾಗುತ್ತದೆ. ಸಾವಿನ ಸುದ್ದಿ ಹೇಳುವ ಕಲ್ಲು ಶುಭ ಕೋರಿ ಬಾಯಿ ತೆರೆಯುತ್ತದೆ. ಮುಂದೆ ಬರುವ ಅರಸನ ಹೆಸರು ಮುಖ್ಯವಾಗಿ ಕಾಲವನ್ನು ಗುರುತಿಸಲು. ಅದು ಮುಗಿದೊಡನೆ ಕಲ್ಲು ಅರಸನನ್ನು ಬಿಟ್ಟು ಊರಿಗೆ ಇಳಿಯುತ್ತದೆ.

2. ಕಳ್ಳರು ಊರ ದನಗಳನ್ನು ಹಿಡಿದೊಯ್ಯಲು,

ಇದೇ ‘ತುರುಗೋಳ್’. ತುರು ಎಂದರೆ ದನ, ಕೋಳ್ ಎಂದರೆ ಹಿಡಿಯುವುದು, ಸೂರೆ. ಕೆಲವು ಕಲ್ಲುಗಳಲ್ಲಿ ಇದರ ಬದಲು ‘ಊರಳಿವು’ ಎಂದಿರುತ್ತದೆ, ಅಂದರೆ ಊರೇ ಹಾಳಾಗುವ ಹೊತ್ತು. ಇನ್ನು ಕೆಲವದರಲ್ಲಿ ‘ಪೆಣ್ಬುಯ್ಯಲ್’, ಅಂದರೆ ಹೆಣ್ಣುಮಕ್ಕಳ ಮೊರೆ. ಈ ಮೂರು ಪದಗಳಲ್ಲಿ ಅಂದಿನ ಹಳ್ಳಿಯ ಭಯವೆಲ್ಲ ಇದೆ. ದನ ಹೋದರೆ ಉಳುಮೆ ಹೋಯಿತು, ಹೈನು ಹೋಯಿತು, ಮುಂದಿನ ವರ್ಷದ ಅನ್ನ ಹೋಯಿತು. ಕೆಳಗಿನ ಅಂತಸ್ತಿನಲ್ಲಿ ಕಲ್ಲುಕುಟಿಗ ದನಗಳನ್ನು ಒಂದರ ಹಿಂದೊಂದು ಒತ್ತೊತ್ತಾಗಿ ಕಡೆದಿರುತ್ತಾನೆ. ಅಂಗೈಯಗಲದ ಜಾಗದಲ್ಲಿ ಕೊಂಬುಗಳ ಸಾಲು ಮೂಡಿಸಿ ಇಡೀ ಹಿಂಡನ್ನೇ ತೋರಿಸಿಬಿಡುತ್ತಾನೆ.

3. ಇಂಥವನ ಮಗ ಇಂಥವನು ಅಡ್ಡ ನಿಂತು, ಕಾದಿ, ದನಗಳನ್ನು ಮರಳಿಸಿ ಸತ್ತನು.

ಒಕ್ಕಣೆಯ ಜೀವ ಈ ಸಾಲಿನಲ್ಲಿದೆ. ಮೊದಲು ತಂದೆಯ ಹೆಸರು, ಆಮೇಲೆ ಮಗನದು. ಸಾಮಾನ್ಯ ರೈತನ ಮನೆಯ ಹೆಸರೊಂದು ಸಾವಿರ ವರ್ಷ ಉಳಿದದ್ದು ಇಂಥ ಸಾಲುಗಳಿಂದಲೇ. ‘ಬೆಂಗಳೂರು’ ಎಂಬ ಹೆಸರು ನಮಗೆ ಮೊದಲು ಸಿಗುವುದೂ ಹೀಗೆಯೇ. ಬೇಗೂರಿನಲ್ಲಿರುವ ಸುಮಾರು 900ರ ಕಲ್ಲು, ನಾಗತ್ತರನ ಮಗ ಬುಟ್ಟಣಸೆಟ್ಟಿ ಬೆಂಗಳೂರಿನ ಕಾಳಗದಲ್ಲಿ ಮಡಿದನೆಂದು ಹೇಳುತ್ತದೆ. ಇಷ್ಟು ದೊಡ್ಡ ನಗರದ ಹೆಸರನ್ನು ಮೊದಲು ಹೊತ್ತು ತಂದದ್ದು ಒಬ್ಬ ತಂದೆ ಕಳೆದುಕೊಂಡ ಮಗನ ಕಲ್ಲು.

‘ಕಾದಿ’ ಎಂಬ ಪದವನ್ನೂ ಗಮನಿಸಿ. ಕಾದಾಟದ ‘ಕಾದು’ ಬೇರೆ ಧಾತು, ‘ದನ ಕಾಯ್ದ’ ಎನ್ನುವಾಗಿನ ‘ಕಾಯು’ ಬೇರೆ. ಆದರೆ ಈ ಕಲ್ಲಿನ ಮುಂದೆ ನಿಂತಾಗ ಅವೆರಡೂ ಒಂದೇ ಕೆಲಸವೆನಿಸುತ್ತವೆ. ಇವನು ಕಾಯುವುದಕ್ಕಾಗಿ ಕಾದಿದ.

4. ದೇವಕನ್ಯೆಯರು ಅವನನ್ನು ಒಯ್ದರು. ಅವನು ಸುರಲೋಕ ಸೇರಿದನು.

ನಡುವಿನ ಅಂತಸ್ತಿಗೆ ಬನ್ನಿ. ಕೆಳಗೆ ಬಿಲ್ಲು ಎಳೆದು ನಿಂತಿದ್ದವನು ಇಲ್ಲಿ ಇಬ್ಬರು ಅಪ್ಸರೆಯರ ನಡುವೆ ನೆಮ್ಮದಿಯಾಗಿದ್ದಾನೆ. ಮೇಲಿನ ಅಂತಸ್ತಿನಲ್ಲಿ ಲಿಂಗ, ನಂದಿ, ಪೂಜಾರಿ, ಎದುರಿಗೆ ಕೈಮುಗಿದು ಕೂತ ಅದೇ ವೀರ. ಜೈನರ ಕಲ್ಲಾದರೆ ಆ ಜಾಗದಲ್ಲಿ ಜಿನ. ನೆತ್ತಿಯ ಮೇಲೆ ಸೂರ್ಯ ಚಂದ್ರ: ಅವರಿರುವ ತನಕ ಈ ನೆನಪೂ ಇರಲಿ ಎಂಬ ಹಾರೈಕೆ. ಸೊಗಸಿನ ಕೆಲಸವೆಲ್ಲ ಈ ಮೇಲಿನ ಎರಡು ಅಂತಸ್ತುಗಳಲ್ಲೇ ಹೆಚ್ಚು. ಸತ್ತವನ ಮನೆಯವರು ಇನ್ನು ಕಾಣಲಾರದ್ದನ್ನು ಕಲ್ಲುಕುಟಿಗ ಅವರ ಕಣ್ಣಿಗೆ ಕಾಣಿಸಿದ್ದಾನೆ.

ಕೆಲವೆಡೆ ಪಕ್ಕದಲ್ಲೇ ಇನ್ನೊಂದು ಕಲ್ಲಿರುತ್ತದೆ. ಕಂಬದಿಂದ ಹೊರಚಾಚಿದ ಒಂದು ತೋಳು, ಕೈತುಂಬ ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಅದು ಮಾಸ್ತಿಕಲ್ಲು, ಗಂಡನೊಡನೆ ಬೆಂಕಿಗೆ ಹೋದವಳದು. ಅದರೆದುರು ಹೆಮ್ಮೆಪಡಲು ನನ್ನಿಂದಾಗದು. ಆ ಬಳೆಗಳನ್ನು ಎಣಿಸುವಾಗ ಮನಸ್ಸು ಭಾರವಾಗುತ್ತದೆ.

5. ಅವನ ತಮ್ಮನು ಈ ಕಲ್ಲನ್ನು ನಿಲ್ಲಿಸಿದನು. ಊರವರು ಹತ್ತು ಕೊಳಗ ಗದ್ದೆ ಬಿಟ್ಟರು.

ಇಲ್ಲಿಗೆ ನೆನಪು ವ್ಯವಹಾರದ ಮಾತಾಗುತ್ತದೆ. ಕೊಳಗ ಧಾನ್ಯದ ಅಳತೆ. ಎಷ್ಟು ಕೊಳಗ ಬಿತ್ತಬಹುದೋ ಅದೇ ಗದ್ದೆಯ ಲೆಕ್ಕ. ಮಡಿದವನ ಮನೆಗೆ ಕೊಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರಿತ್ತು. ಕೊಡಗೆ ಎಂದರೆ ಕೊಡುಗೆ. ಕತ್ತಿ ತೊಳೆದು ಕೊಟ್ಟ ದಾನ ‘ಬಾಳ್ಗಳ್ಚು’. ಈ ಪದ ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ಬಂದಿದೆ. ಕಣ್ಣೀರು, ಹೂವು, ಹಾಡಿನ ಜೊತೆಗೆ ಆ ಮನೆಯ ಒಲೆ ಉರಿಯಬೇಕೆಂಬ ಯೋಚನೆ ಆ ಜನಕ್ಕಿತ್ತು. ಅದಕ್ಕೇ ನಾನು ವೀರಗಲ್ಲನ್ನು ಋಣಪತ್ರ ಎನ್ನುವುದು.

ಈ ಋಣ ಮನುಷ್ಯರಿಗಷ್ಟೇ ಸಲ್ಲಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ 949ರ ಸುಮಾರಿನ ಕಲ್ಲು, ಕಾಳಿ ಎಂಬ ನಾಯಿಯದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನು ತನ್ನೊಡೆಯ ಗಂಗ ಅರಸ ಇಮ್ಮಡಿ ಬೂತುಗನಿಂದ ಕೇಳಿ ಪಡೆದದ್ದು ಆ ನಾಯಿಯನ್ನು. ಅದು ಕಾಡುಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ಕಲ್ಲಿನ ಮೇಲೆ ನಾಯಿ ಹಂದಿ ಮುಖಾಮುಖಿ ಬಿದ್ದ ಚಿತ್ರವಿದೆ. ಅದರ ಪೂಜೆಗೆಂದು ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿ ಮಾಡಿದ ಪಾಪ ತಟ್ಟಲಿ ಎಂದೂ ಬರೆಸಿದ್ದಾರೆ.

6. ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ.

ಕವಿಲೆ ಎಂದರೆ ಕಪಿಲೆ, ಕಂದು ಬಣ್ಣದ ಹಸು. ಅಂದಿನವರಿಗೆ ಇದಕ್ಕಿಂತ ದೊಡ್ಡ ಪಾಪವಿರಲಿಲ್ಲ. ಹಿಂದಿನ ಐದು ಸಾಲು ಸತ್ತವನ ಕುರಿತು. ಈ ಒಂದು ಸಾಲು ಮಾತ್ರ ಮುಂದೆ ಬರುವವರಿಗೆ, ಅಂದರೆ ನಮಗೆ. ನಾವೇನು ಮಾಡಿದ್ದೇವೆ? ಬಟ್ಟೆ ಒಗೆಯುವ ಕಲ್ಲು ಮಾಡಿದ್ದೇವೆ, ಚರಂಡಿಗೆ ಹಾಸಿದ್ದೇವೆ, ನಿಧಿಯ ಆಸೆಗೆ ಬುಡ ಅಗೆದಿದ್ದೇವೆ. ಭಕ್ತಿಯಿಂದಲೇ ಆಯಿಲ್ ಪೇಂಟ್ ಬಳಿದು ಅಕ್ಷರ ಮುಚ್ಚಿದ್ದೂ ಇದೆ. ಆದರೆ ಬೇರೆ ದಾರಿಯೂ ಕಂಡಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು 750ರ ಕಿತ್ತಯ್ಯನ ಕಲ್ಲು 2018ರಲ್ಲಿ ಬೆಳಕಿಗೆ ಬಂದಾಗ ಜನ ಅದನ್ನು ಬಿಸಾಡಲಿಲ್ಲ, ಅದಕ್ಕೊಂದು ಮಂಟಪವನ್ನೇ ಕಟ್ಟಿಸಿದರು.

ನಿಮ್ಮೂರಲ್ಲೂ ಇಂಥ ಕಲ್ಲಿದ್ದರೆ ಒಂದು ಬೆಳಿಗ್ಗೆ ಎಳೆಬಿಸಿಲಿಗೆ ಹೋಗಿ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಬಣ್ಣ ಬಳಿಯಬೇಡಿ, ಕೀಳಬೇಡಿ, ಜಾಗ ಬದಲಿಸಬೇಡಿ. ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಹೆಸರು ಓದಲು ಬಂದರೆ ಮಕ್ಕಳನ್ನು ಕರೆದು ಅವರ ಬಾಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿಸಿ. ಈ ಋಣದಲ್ಲಿ ನಮ್ಮ ಪಾಲಿಗೆ ಉಳಿದಿರುವುದು ಇಷ್ಟೇ, ಇಷ್ಟನ್ನಾದರೂ ತೀರಿಸೋಣ.